ಸಂಗಮದ ಗೆರೆ

ಕಬಿನಿ ಬಿಟ್ಟಿದ್ದಾರೆ. ನಿನ್ನೆ ರಾತ್ರಿಯಿಂದ
ನರಸೀಪುರದ ಸಂಗಮದಲ್ಲಿ
ನೀರಿಗೆ ಎರಡು ಬಣ್ಣ:
ಆ ಕಡೆ ಕಾವೇರಿ, ಪಾಚಿ ಹಸಿರು,
ಈ ಕಡೆ ಕಪಿಲೆ, ಬೆಲ್ಲದ ಪಾಕ.
ನಡುವೆ ಒಂದು ಗೆರೆ, ಕುದಿಯುತ್ತಾ.

ಕಾಳಮಾದಣ್ಣ ಎಂಜಿನ್ನಿನ ಹುರಿಯನ್ನು
ನನ್ನ ಮಣಿಕಟ್ಟಿಗೆ ಬಿಗಿಯುತ್ತಾನೆ.
"ನೀ ಬಿದ್ರೆ ಎಂಜಿನ್ ಸಾಯ್ಬೇಕು ಕಣವ್ವ,
ರೆಕ್ಕೆ ನಿನ್ನ ಹುಡುಕ್ಕೊಂಡು ಬರಬಾರ್ದು."
ನಲವತ್ತು ವರ್ಷ ಹರಿಗೋಲು ತಿರುಗಿಸಿದ ಕೈ,
ಜಾಕೆಟ್ಟಿನ ಬಕಲ್ ಹಾಕಲು ಮಾತ್ರ ತಡವರಿಸುತ್ತದೆ.

ಎದುರು ಕೂತವರು: ಹೊಲಿಗೆ ಯಂತ್ರದ ಜೊತೆ ಗೌರಾಜಮ್ಮ,
ಹಗ್ಗ ಬಿಗಿದ ಒಂದು ಮೇಕೆ,
ಗಡಿಯಾರ ನೋಡುತ್ತಲೇ ಇರುವ ಪೋಸ್ಟ್‌ಮ್ಯಾನ್.
ಭಾರ ನಡುವಿಗೆ, ಅನ್ನುತ್ತೇನೆ. ಮೇಕೆ ಮಾತ್ರ ಕೇಳುವುದಿಲ್ಲ.

"ಅಲೆಗೆ ಪಕ್ಕೆ ಕೊಡಬ್ಯಾಡ.
ಮೂತಿ ಕೊಡು, ಒಸಿ ಓರೆಯಾಗಿ.
ಬೆನ್ನಿಂದ ಬಂದ್ರೆ ಅದರ ಬೆನ್ನ ಮೇಲೇ ಕೂತ್ಕೊ,
ಹಾರಿ ಮುಂದಕ್ಕೋಗಬ್ಯಾಡ.
ಹೆದರಿ ಕೈ ಬಿಟ್ಟೆಯೋ, ನೀರೇ ನಿನ್ನ ನಡೆಸ್ತದೆ."

ಗೆರೆಗೆ ಹತ್ತು ಮಾರು. ಎಣಿಸುತ್ತೇನೆ.
ಮೂರು ದೊಡ್ಡವು, ಆಮೇಲೊಂದು ಉಸಿರು.
ಮತ್ತೆ ಮೂರು. ಉಸಿರೇ ಇಲ್ಲ.
ಇಡೀ ಅತ್ತಿಮರವೊಂದು ಬೇರು ಮೇಲಾಗಿ
ಬೆಲ್ಲದ ನೀರಲ್ಲಿ ಉರುಳುತ್ತಾ ಬರುತ್ತದೆ.

ತಿರುಗಿಸುವುದಾದರೆ ಇಲ್ಲೇ.
ಗೆರೆಯೊಳಗೆ ತಿರುವಿಗೆ ಜಾಗವಿಲ್ಲ.

ತಿರುಗಿಸಿದೆ.

ಪೋಸ್ಟ್‌ಮ್ಯಾನ್ ಏನೋ ಅಂದ. ಎಂಜಿನ್ನಿನ ಸದ್ದು ನುಂಗಿತು.
ದಡದಲ್ಲಿ ಕಾಳಮಾದಣ್ಣ ಹುರಿ ಬಿಚ್ಚಿದ,
ಮಣಿಕಟ್ಟಿನ ಕೆಂಪು ಗೀರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ,
"ಮೇಕೆ ಇಳಿಸು," ಅಂದ, "ಟೀ ಕುಡಿಯವ."