ಗೂಡು ತೂರಿದ ಸಂದಿ

ಶಿಡ್ಲಘಟ್ಟದ ನಗರಸಭೆ ಪಾರ್ಕಿನಲ್ಲಿ
ತಿರುಗುವ ತಟ್ಟೆಗೆ ಗ್ರೀಸ್ ಹಾಕುತ್ತಿದ್ದೆ.
ಮುಬೀನಾ ಬಂದಳು, ರೀಲಿಂಗ್ ಶೆಡ್ಡಿನಿಂದ ನೇರ,
ಬಿಸಿನೀರಲ್ಲಿ ಬೆಂದು ಬಿಳಿಚಿದ ಬೆರಳು,
ದುಪಟ್ಟಾ ತುದಿಯ ಗಂಟಿನಲ್ಲಿ ಒಂದು ರೇಷ್ಮೆಗೂಡು.

ತಟ್ಟೆಗೂ ನೆಲಕ್ಕೂ ನಡುವಿನ ಸಂದಿಗೆ
ಅದನ್ನು ತೂರಿಸಿದಳು.
ಹೋಯಿತು.
‘ಇದು ಹೋದರೆ ಮಗುವಿನ ಹೆಬ್ಬೆರಳೂ ಹೋಗುತ್ತೆ, ಅಣ್ಣ.’

ಹೋದ ವಾರ ಅವಳ ಸಣ್ಣವನ ಚಪ್ಪಲಿ ಹಾರಿತ್ತು.
ನಡುವಿನಿಂದ ಆಚೆಗೆ ಅಂದುಕೊಂಡಿರಾ? ಅಲ್ಲ.
ಬಿಟ್ಟ ಗಳಿಗೆಯಲ್ಲಿ ಅಂಚು ಎತ್ತ ಓಡುತ್ತಿತ್ತೋ
ಅತ್ತಲೇ, ದಾರ ಹಿಡಿದು ಗೆರೆ ಹೊಡೆದಂತೆ,
ವಾಚ್‌ಮನ್ ಪಿಳ್ಳಪ್ಪನ ಟೀ ಲೋಟಕ್ಕೆ.
ಎಲ್ಲರೂ ನಕ್ಕರು.
ಕಾಲು ಮಾತ್ರ ಅಡಿಗೆ ಹೋಗಿತ್ತು.
ಒಂದು ಉಗುರು ಉಳಿಯಲಿಲ್ಲ.

‘ನನ್ನ ರಾಟೆಯ ಎಳೆಯೂ ಹಾಗೇ,’ ಅಂದಳು,
‘ದುಂಡಗೆ ಸುತ್ತುವುದು ಎಳೆಯ ಆಸೆಯಲ್ಲ,
ಎಳೆದು ಹಿಡಿದವರ ಹಟ.
ಕೈ ಸೋತರೆ ಅದು ತನ್ನ ದಾರಿ ಹಿಡಿಯುತ್ತೆ.’

ಅಷ್ಟರಲ್ಲಿ ಐದು ಹುಡುಗರು ಹತ್ತಿ ಕೂತಿದ್ದರು.
ಒಟ್ಟಿಗೆ ನಡುಗಂಬಕ್ಕೆ ಸರಿದರು;
ಯಾರೂ ತಳ್ಳದೆ ತಟ್ಟೆಯ ವೇಗ ಏರಿತು.
ಅಂಚಿಗೆ ಬಾಗಿದರು, ಇಳಿಯಿತು.
ಯಾವ ಮೇಷ್ಟರೂ ಹೇಳಿರದ ಲೆಕ್ಕ
ಅವರ ಹೊಟ್ಟೆಗೆ ಗೊತ್ತು.

ಇಪ್ಪತ್ತೆರಡು ವರ್ಷ
ಸಲೀಸಾಗಿ ತಿರುಗಲಿ ಅಂತ ಗ್ರೀಸ್ ಹಾಕಿದವನು ನಾನು.
ನಿಲ್ಲುವುದು ಹೇಗೆ ಅಂತ
ಒಂದು ದಿನವೂ ಯೋಚಿಸಿದವನಲ್ಲ.

ಹುಡುಗರನ್ನು ಇಳಿಸಿ ಸರಪಳಿ ಬಿಗಿದೆ. ಬೈದರು, ಬೈಯಲಿ.
ಬಿಲ್ಲು ಪಾಸಾಗಲಿ, ಆಗದಿರಲಿ,
ನಾಳೆ ಅಂಚಿನ ಸುತ್ತ ತಗಡಿನ ಪಟ್ಟಿ ಬೆಸೆದು
ಮತ್ತೆ ಅಳೆಯಬೇಕು.

ಅಳತೆಗೋಲು ಜೇಬಿನಲ್ಲಿದೆ.
ನಡೆದಾಗಲೆಲ್ಲ ಅದರೊಳಗೆ
ಒಣಗಿದ ಹುಳು ಸಣ್ಣಗೆ ಗಲ್ಲೆನ್ನುತ್ತದೆ.