ಎಂಟೂವರೆಯ ಅಳತೆ

ಬೆಳಿಗ್ಗೆ ಎಂಟೂವರೆಗೆ ಬೇಲಿಯ ಕೀಲಿ ತೆಗೆಯುತ್ತೇನೆ.
ತಿಕೋಟಾದ ಹೊರಗೆ, ಶಾಲೆಯ ಹಿಂದೆ,
ಮೊಣಕಾಲೆತ್ತರದ ಫೈಬರ್ ಡಬ್ಬಿ,
ಬಾಯಿಗೆ ಹಿತ್ತಾಳೆಯ ಅಂಚು, ಒಳಗೆ ಆಲಿಕೆ.
ಆಲಿಕೆಯಲ್ಲಿ ಇವತ್ತು
ಎರಡು ಬೇವಿನೆಲೆ, ಒಂದು ಗೊದ್ದ.
ಗೊದ್ದವನ್ನು ಊದಿ ಕಳಿಸಿದೆ.
ಗಾಜಿನ ಅಳತೆಗೆ ಒಂದು ಹನಿಯೂ ಇಳಿಯಲಿಲ್ಲ.

ನಾಲ್ಕು ದಿನದಿಂದ ಟಿವಿಯಲ್ಲಿ ಅದು ತಿರುಗುತ್ತಿತ್ತು,
ಬಂಗಾಳ ಕೊಲ್ಲಿಯ ಮೇಲೆ ಬಿಳಿ ಬೀಸುಕಲ್ಲು.
ಯಾವುದೋ ದೇಶದವರಿಟ್ಟ ಹೆಸರು,
ನಮ್ಮ ನಾಲಿಗೆಗೆ ಸರಿಯಾಗಿ ಹೊರಳದ್ದು.
ದ್ರಾಕ್ಷಿ ಹೂವಿಗೆ ಬಂದ ಹೊತ್ತು.
ಸಂಗನಬಸು ಹೊನವಾಡ ಮೊನ್ನೆ ಸಂಜೆ ಬೈಕು ನಿಲ್ಲಿಸಿ,
"ಶಮಶಾದಕ್ಕಾ, ಎಷ್ಟ್ ಬರ್ತದ ಹೇಳ್ರಿ" ಅಂದ.
ನಾನು ಬಂದದ್ದನ್ನು ಅಳೆಯುವವಳು,
ಬರುವುದನ್ನಲ್ಲ.
ಅವನಿಗೆ ಅದು ಉತ್ತರ ಅನ್ನಿಸಲಿಲ್ಲ.
ರಾತ್ರಿ ಎರಡರವರೆಗೂ ಟ್ರ್ಯಾಕ್ಟರಿನ ಬೆಳಕಲ್ಲಿ
ದಾವಣಿ ರೋಗಕ್ಕೆ ಔಷಧ ಹೊಡೆಯುತ್ತಿದ್ದ.

ಕಡಲು ಕಾದಿದ್ದು ಸುಳ್ಳಲ್ಲ,
ಒಲೆಯ ಮೇಲಿನ ಎಸರಿನಂತೆ ಆವಿ ಕೊಟ್ಟಿತ್ತು.
ಆದರೆ ಮೇಲೆ, ವಿಮಾನ ಹೋಗುವ ಎತ್ತರದಲ್ಲಿ,
ಪಡುವಣ ಗಾಳಿ ಜೋರಿತ್ತು.
ಮೈ ಇತ್ತ ನಡೆದರೆ ತಲೆಯನ್ನು ಅತ್ತ ಎಳೆದರು.
ವಾಯವ್ಯದ ಒಣಗಾಳಿ
ಕರೆಯದ ನೆಂಟನ ಹಾಗೆ ಹಿತ್ತಿಲಿಂದ ಹೊಕ್ಕು
ಎಸರನ್ನೆಲ್ಲ ಕುಡಿದು ಕೂತಿತು.
ಕಲಬುರಗಿ ದಾಟುವಾಗ ಉಳಿದದ್ದು ಹೆಸರು,
ಇಲ್ಲಿಗೆ ಮುಟ್ಟಿದ್ದು
ಬೂದಿ ಬಣ್ಣದ ಒಂದು ಮಧ್ಯಾಹ್ನ.

ಆ ಇನ್ನೊಂದು ವರ್ಷದ್ದು ಹಾಗಲ್ಲ.
ಅದಕ್ಕೆ ಹೆಸರೇ ಇರಲಿಲ್ಲ,
ಹೆಸರಿಡುವಷ್ಟು ಗಾಳಿ ಅದರಲ್ಲಿ ಬೆಳೆಯಲಿಲ್ಲ.
ಸೆಪ್ಟೆಂಬರ್ ಪೂರ್ತಿ ಸುರಿದು
ಡೋಣಿ ಎರಡು ಸಲ ದಂಡೆ ಮೀರಿತ್ತು.
ಎರೆಹೊಲಕ್ಕೆ ಕಾಲಿಟ್ಟರೆ
ಚಪ್ಪಲಿ ವಾಪಸು ಬರುತ್ತಿರಲಿಲ್ಲ.
ಅಂಥ ನೆಲದ ಮೇಲೆ ಬಂದು ಅದು
ಕಡಲು ಇನ್ನೂ ಮುಗಿದಿಲ್ಲ ಅಂದುಕೊಂಡಿತು.
ನೆಲದಿಂದ ಕುಡಿದು ನೆಲಕ್ಕೇ ಸುರಿಯಿತು.
ಹಿಂದಿನಿಂದ ದೂಡುವವರಿಲ್ಲ,
ಮೇಲಿಂದ ಹರಿಯುವವರಿಲ್ಲ.
ಸೋಲಾಪುರ ದಾರಿಯಲ್ಲಿ ಎಮ್ಮೆ ಕೂತಂತೆ ಕೂತಿತು,
ಹಾರ್ನ್ ಹೊಡೆದರೂ ಏಳಲಿಲ್ಲ.

ಬೆಳಿಗ್ಗೆ ಹತ್ತು ಮಿಲಿಮೀಟರಿನ ಆ ಗಾಜನ್ನು
ತುಂಬಿದೆ, ಬಕೆಟ್ಟಿಗೆ ಸುರುವಿದೆ, ತುಂಬಿದೆ.
ಹನ್ನೊಂದೋ ಹನ್ನೆರಡೋ, ಎಣಿಕೆ ತಪ್ಪಿತು.
ಚೆಲ್ಲಿದ ಮಳೆಯನ್ನು ಎರಡನೇ ಸಲ ಅಳೆಯಲು ಬರುವುದಿಲ್ಲ,
ಬಕೆಟ್ ಇಟ್ಟುಕೊಂಡದ್ದು ಅದಕ್ಕೇ.
ಮತ್ತೆ ಮೊದಲಿನಿಂದ, ಈ ಸಲ ಇದ್ದಿಲಲ್ಲಿ ಗೋಡೆಗೆ ಗೀರು.
ಹದಿನಾಲ್ಕು ಗೀರು, ಮೇಲೆ ಎರಡು ಪಾಯಿಂಟ್ ಆರು.
ಫೋನಿನಲ್ಲಿ ಆಫೀಸಿನವರು ಕೇಳಿದರು:
"ಹದಿನಾಲ್ಕು ಅಲ್ಲವೇನ್ರಿ? ಪಾಯಿಂಟ್ ತಪ್ಪಿರಬೇಕು ನೋಡ್ರಿ."
ಗೋಡೆಯ ಹತ್ತಿರ ಫೋನು ಹಿಡಿದು ನಿಂತೆ,
ಗೀರುಗಳೇ ಮಾತಾಡಲಿ ಅನ್ನುವಂತೆ.

ನನಗಿಂತ ಮೊದಲು ಈ ಕೀಲಿ
ಹುಸೇನಸಾಬ ಜಮಾದಾರರ ಸೊಂಟದಲ್ಲಿತ್ತು.
ಕೊಡುವಾಗ ಒಂದೇ ಮಾತು ಹೇಳಿದ್ದರು:
"ಖಾಲಿ ಬಿಡಬ್ಯಾಡವ್ವಾ.
ಖಾಲಿ ಅಂದ್ರ ನೀ ಬಂದಿಲ್ಲ ಅಂತ.
ಸೊನ್ನಿ ಅಂದ್ರ ಮಳಿ ಬಂದಿಲ್ಲ ಅಂತ."

ಸೊನ್ನೆ ಬರೆದೆ. ಚುಕ್ಕೆ. ಮತ್ತೊಂದು ಸೊನ್ನೆ.
ಒಂದು ಇಡೀ ಕಡಲಿನ ಲೆಕ್ಕ ಅದು,
ಮೂರು ಗುರುತಿನಲ್ಲಿ ಮುಗಿಯಿತು.

ಬೇಲಿಯಾಚೆ ಸಂಗನಬಸು,
ಮೈತುಂಬ ಗಂಧಕದ ವಾಸನೆ, ಕೆಂಪು ಕಣ್ಣು.
"ಎಷ್ಟ್ರೀ?"
ವಹಿ ತಿರುಗಿಸಿ ತೋರಿಸಿದೆ.
"ಹಂಗಾರ ಔಷಧಕ್ಕ ಹಾಕಿದ್ ರೊಕ್ಕ?"
ಅಂದು ತಾನೇ ನಕ್ಕ, ಹೂವು ಉಳಿದವನ ನಗು,
ಅದರ ಹಿಂದೆಯೇ ಒಂದು ಬೈಗುಳ.
ಹೆಸರಿದ್ದ ಆ ಗಾಳಿಗೋ, ಟಿವಿಗೋ, ನನಗೋ,
ವಿಚಾರಿಸಲಿಲ್ಲ.

ಬರುವಾಗ ನಲ್ಲಿಯಲ್ಲಿ ಹಿಂಡಿ
ತಂತಿಗೆ ಹಾಕಿದ್ದ ದುಪಟ್ಟಾ
ಅರ್ಧ ತಾಸಿನಲ್ಲೇ ಹಪ್ಪಳವಾಗಿದೆ.
ಮುಖಕ್ಕೆ ಹಿಡಿದೆ.
ಕಡಲು ಕುಡಿದು ಬಂದ ಗಾಳಿಗೆ
ಉಪ್ಪಿನ ವಾಸನೆಯೇ ಇಲ್ಲ.