ಉಲ್ಟಾ ಅಕ್ಷರ

ಬೇತೂರು ರಸ್ತೆಯ ನ್ಯಾಯಬೆಲೆ ಅಂಗಡಿಯಲ್ಲಿ
ಯಂತ್ರ ಮೂರನೇ ಸಲ ಕೆಂಪು ಮಿನುಗಿತು.
"ಹೆಬ್ಬೆಟ್ಟು ಕೂಡ್ತಿಲ್ಲ ಅಣ್ಣಾ, ಒರೆಸಿ ಒತ್ರಿ."
ಒರೆಸಿದೆ, ಪ್ಯಾಂಟಿಗೆ, ಚೀಲಕ್ಕೆ.
"ತಲೆಗೂದಲಿಗೆ ಉಜ್ರಿ, ಎಣ್ಣೆ ಇರುತ್ತೆ, ಹಿಡಿಯುತ್ತೆ"
ಅಂದಳು ಹಿಂದೆ ನಿಂತ ಚಾಂದಬೀ.
ಹಿಡಿಯಲಿಲ್ಲ.
ನಾನು ನಾನಲ್ಲ ಎಂದು ಚೀಟಿ ಬಂತು
ಸಣ್ಣಗೆ ಸದ್ದು ಮಾಡುತ್ತ, ಚಾಚಿದ ನಾಲಗೆಯ ಹಾಗೆ.

ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿ ಎದುರು
ರಬ್ಬರು ಕೊರೆದ ಬೆರಳು ಇದು.
ಎಷ್ಟು ಗ್ರಾಮಲೆಕ್ಕಿಗರು, ಎಷ್ಟು ಮುಖ್ಯೋಪಾಧ್ಯಾಯರು,
ಮಂಡಕ್ಕಿ ಭಟ್ಟಿ ಸಂಘದ ಗೌರವ ಕಾರ್ಯದರ್ಶಿ,
ಎಲ್ಲರೂ ನನ್ನ ಬ್ಲೇಡಿನಡಿ ಉಲ್ಟಾ ಮಲಗಿ
ಎದ್ದು ಹೋದವರೇ.
ಶಿಕ್ಕಾ ಕೆಲಸವೇ ಹಾಗೆ: ಬಲದ್ದು ಎಡಕ್ಕೆ,
ಕೊಂಬು ಆ ಕಡೆ, ದೀರ್ಘ ಈ ಕಡೆ,
ಕೊರೆಯುವವನಿಗೆ ಮಾತ್ರ ಓದಲು ಬರುವ ಕನ್ನಡ.
ಅಷ್ಟು ಜನರ ಹೆಸರು ಮೂಡಿಸುತ್ತ ಮೂಡಿಸುತ್ತ
ನನ್ನ ಗೆರೆ ಸವೆದದ್ದು ಗೊತ್ತೇ ಆಗಲಿಲ್ಲ.

ಹೆಸರಿಗೇನೂ ಬರವಿಲ್ಲ ನನಗೆ.
ಶಾಲೆಯಲ್ಲಿ ದುರುಗೇಶ, ಅಜ್ಜನ ಕಡೆಯಿಂದ.
ದೀಕ್ಷಾಸ್ನಾನದ ನೀರಲ್ಲಿ ಕೃಪಾದಾನ.
ಕಾರ್ಡಿನಲ್ಲಿ ಕ್ರುಪಾದನ, ಒಂದು ದೀರ್ಘ ಎಲ್ಲೋ ಬಿದ್ದುಹೋಗಿ.
ಕೇರಿಯವರಿಗೆ ಶಿಲುಬೆ ಮನೆಯವನು,
ಸಭೆಯ ಹಳೇ ಮಂದಿಗೆ ಇನ್ನೂ ಕೇರಿಯವನು.
ಮಗಳು ಮಾರ್ಥಾಳ ಅರ್ಜಿಯಲ್ಲಿ ಜಾತಿ ಎಂಬುದೊಂದು ಖಾನೆ.
ಪೆನ್ನು ಅಲ್ಲಿ ನಿಂತರೆ ನಿಂತೇಬಿಡುತ್ತದೆ.
"ಏನ್ ಬರೀಲಪ್ಪಾ?"
ಒಂದು ಬರೆದರೆ ಅಜ್ಜನನ್ನು ಅಳಿಸಿದಂತೆ,
ಇನ್ನೊಂದು ಬರೆದರೆ ನೀರನ್ನು.
ಚಹಾ ತಣ್ಣಗಾಯಿತು.

ಭಾನುವಾರ ರೈಲ್ವೆ ಗೇಟು ಬಿದ್ದು, ತಡವಾಗಿ ಹೋದೆ.
ಕೊನೆಯ ಸಾಲಿನಿಂದ ಎದ್ದು ಮುಂದೆ ಮಂಡಿಯೂರಿದಾಗ
ಒರೆಸಿ ಒತ್ತು ಅನ್ನಲಿಲ್ಲ ಅಯ್ಯನವರು.
ಚಾಚಿದ ಅಂಗೈಯಲ್ಲಿ ರೊಟ್ಟಿಯ ಚೂರು ಇಟ್ಟು
"ನಿನಗೋಸ್ಕರ" ಎಂದರು.
ಯಾರಿಗೋಸ್ಕರ? ದುರುಗೇಶನಿಗೋ, ಕೃಪಾದಾನನಿಗೋ,
ದೀರ್ಘ ಕಳಕೊಂಡ ಆ ಮೂರನೆಯವನಿಗೋ?
ಕೇಳಬೇಕೆಂದುಕೊಂಡೆ. ಬಾಯಲ್ಲಿ ರೊಟ್ಟಿ ಇತ್ತು.

ಆಮೇಲೆ ಹೊಳೆಯಿತು, ಕಸುಬಿನವನಿಗೆ ಹೊಳೆಯುವಂಥದ್ದು:
ಆತನ ಅಂಗೈಯಲ್ಲೂ ಕೊರೆದ ಗುರುತಿದೆಯಲ್ಲ.
ಬ್ಲೇಡಲ್ಲ, ಮೊಳೆ. ರಬ್ಬರಲ್ಲ, ಮಾಂಸ.
ಅಲ್ಲಿ ನನ್ನ ಹೆಸರೂ ಇದ್ದರೆ
ಉಲ್ಟಾ ಇದ್ದೀತು,
ಮೂವತ್ತೊಂದು ವರ್ಷದ ಕಣ್ಣಿಗೂ
ಓದಲಾಗದಷ್ಟು ಹತ್ತಿರ.
ಒತ್ತುವ ದಿನ ನೆಟ್ಟಗೆ ಮೂಡೀತು.
ಅಥವಾ ಆಗಲೇ ಒತ್ತಿದ್ದಾನೋ,
ಈ ಬೆರಳಿನ ನುಣುಪು ಅದರ ಗುರುತೋ,
ಹೇಳಲಾರೆ.

ಮಂಗಳವಾರ ಮತ್ತೆ ಸಾಲು. ಮತ್ತೆ ಕೆಂಪು.
"ಯಾರನ್ನಾದ್ರೂ ಕರ್ಕೊಂಡು ಬರ್ರಿ, ನಿಮ್ಮನ್ನ ಬಲ್ಲೋರನ್ನ."
ಇದ್ದಾನೆ ಒಬ್ಬ, ಅನ್ನಲು ಹೋಗಿ
ನಕ್ಕು, ಮಾರ್ಥಾಳಿಗೆ ಫೋನು ಮಾಡಿದೆ.
ಅವಳು ಬಂದು ಬೆರಳಿಟ್ಟಳು. ಹಸಿರು.
ಅಕ್ಕಿಯ ಚೀಲದ ಒಂದೊಂದು ಕಿವಿ ಹಿಡಿದು ಬರುವಾಗ
"ಆ ಖಾನೆ ಇನ್ನೂ ಖಾಲಿ ಇದೆ ಅಪ್ಪಾ" ಅಂದಳು.
"ಪೆನ್ಸಿಲಲ್ಲಿ ಬರಿ" ಅಂದೆ.